ಮಳೆಗಾಡಿನ ಸಿಂಗಳೀಕ

ಕಪಿಯೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ದೇವಾಲಯದ ಗೋಪುರವನ್ನೋ ಊರ ಮಾಳಿಗೆಯನ್ನೋ ಆಶ್ರಯಿಸಿದ ಕೋತಿ. ಅದರ ಕುಲಕ್ಕೇ ಸೇರಿದ ಸಿಂಗಳೀಕವಾದರೋ ದಟ್ಟಡವಿಯ ಜೀವಿ. ಕರ್ನಾಟಕ, ಕೇರಳ, ತಮಿಳುನಾಡುಗಳ ಪಶ್ಚಿಮಘಟ್ಟದ ಮಳೆಗಾಡನ್ನುಳಿದು ಜಗತ್ತಿನಲ್ಲಿ ಮತ್ತೆಲ್ಲಿಯೂ ಅದರ ಸಹಜ ನೆಲೆಯಿಲ್ಲ.

ಇದಕ್ಕೆ ಸಿಂಹಬಾಲದ ಕಪಿಯೆಂಬ ಹೆಸರೂ ಉಂಟು. ಕಪ್ಪು ಮೊಗವನ್ನು ಬಳಸಿದ ಬೂದುಬಣ್ಣದ ಕೇಸರದಿಂದ ಈ ಹೆಸರು ಬಂದಿತೆಂದು ಹಲವರು ಭಾವಿಸುವರು. ಅದು ಸಲ್ಲದು, ಬಾಲದ ತುದಿಯ ಕುಚ್ಚೇ ಹೆಸರಿಗೆ ಕಾರಣ. ಸಮಾಸವನ್ನು ಬಿಡಿಸಿ ನೋಡುವ ಅಭ್ಯಾಸವುಳ್ಳವರಿಗೆ ಇದು ತಾನಾಗಿ ತಿಳಿದೀತು.

ಇದರ ಬಾಳೆಲ್ಲ ಬಹುಮಟ್ಟಿಗೆ ಮರದ ಮೇಲೆಯೇ. ಹಣ್ಣು, ಬೀಜ, ತೊಗಟೆಯ ಸಂದಿನ ಕೀಟ ಇದರ ಆಹಾರ. ಕೆನ್ನೆಯ ಚೀಲದಲ್ಲಿ ಹಣ್ಣನ್ನು ತುಂಬಿಕೊಂಡು ಹೋಗಿ ಬೀಜವನ್ನು ಬೇರೆಡೆ ಉಗುಳುವುದರಿಂದ ಕಾಡಿನ ಬಿತ್ತನೆಯೂ ನಡೆಯುವುದು. ಕೊಂಬೆಗೆ ಕೊಂಬೆ ತಾಗಿದ್ದರೆ ಅದಕ್ಕೆ ದಾರಿ; ನಡುವೆ ಹೆದ್ದಾರಿಯೋ ತೋಟವೋ ಬಂದರೆ ಹಿಂಡು ಹಿಂಡಿನಿಂದ ಬೇರಾಗುವುದು. ಹೆಣ್ಣು ಸಾಮಾನ್ಯವಾಗಿ ಒಮ್ಮೆಗೆ ಒಂದೇ ಮರಿಯನ್ನು, ಅದನ್ನೂ ವರ್ಷಗಳ ಅಂತರದಲ್ಲಿ, ಈಯುವುದಾಗಿ ಕಳೆದುಹೋದ ಸಂಖ್ಯೆ ಬೇಗನೆ ತುಂಬದು.

ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಜಲವಿದ್ಯುತ್ ಯೋಜನೆಯ ವಿರುದ್ಧ ನಡೆದ ಆಂದೋಲನಕ್ಕೆ ಈ ಕಪಿಯೇ ಲಾಂಛನವಾಯಿತು. ಆ ಕಾಡು 1984ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ನಮ್ಮ ಶರಾವತಿ ಕೊಳ್ಳಕ್ಕೆ 2019ರಲ್ಲಿ ಸಿಂಗಳೀಕದ ಹೆಸರಿನ ಅಭಯಾರಣ್ಯ ದೊರೆಯಿತು. ಆದರೂ ಶಿರಸಿ-ಹೊನ್ನಾವರದ ಕಾಡಿನಲ್ಲಿ ಉಪ್ಪಾಗೆಯ ಫಲ ಸಿಂಗಳೀಕಕ್ಕೂ ಬೇಕು, ಅದರ ಸಿಪ್ಪೆಯನ್ನು ಒಣಗಿಸಿ ಮಾರುವ ಬಡ ಕುಟುಂಬಕ್ಕೂ ಬೇಕು. ಮಾಗುವ ಮುನ್ನವೇ ಕೊಂಬೆಸಹಿತ ಕಡಿದರೆ ಮುಂದಿನ ವರ್ಷ ಇಬ್ಬರಿಗೂ ಇಲ್ಲ.