ಕುಲುಕನ್ನು ನುಂಗುವ ಕಾಂತದ್ರವ

ಎತ್ತಿನ ಗಾಡಿಯಲ್ಲಿ ಕುಳಿತು ಕಲ್ಲುದಾರಿಯಲ್ಲಿ ಪಯಣಿಸಿದವರಿಗೆ ನೆಲದ ಒಂದೊಂದು ಉಬ್ಬುತಗ್ಗಿನ ಪರಿಚಯವೂ ಬೆನ್ನುಮೂಳೆಯ ಮೂಲಕವೇ ಆಗಿರುತ್ತದೆ. ಅಚ್ಚಿಗೂ ಹಲಗೆಗೂ ನಡುವೆ ಬಾಗುವಂಥ ವಸ್ತು ಯಾವುದೂ ಇಲ್ಲದಿರುವುದೇ ಇದಕ್ಕೆ ಕಾರಣ. ಮೋಟಾರುಗಾಡಿಯಲ್ಲಾದರೋ ಗಾಲಿಗೂ ಗಾಡಿಯ ಒಡಲಿಗೂ ನಡುವೆ ಉಕ್ಕಿನ ಸ್ಪ್ರಿಂಗು ಇರುತ್ತದೆ. ಅದಕ್ಕೆ ಜೊತೆಯಾಗಿ, ಮೆಕ್ಯಾನಿಕರು ಶಾಕ್ ಅಬ್ಸಾರ್ಬರ್ ಎಂದು ಕರೆಯುವ ಎಣ್ಣೆ ತುಂಬಿದ ಕೊಳವೆಯೊಂದು ಇರುತ್ತದೆ. ಈ ಲೇಖನದಲ್ಲಿ ಅದನ್ನು ಶಾಮಕವೆಂದು ಕರೆಯೋಣ.

ಈಚಿನ ಕೆಲವು ವಾಹನಗಳಲ್ಲಿ ಶಾಮಕವು ವಿದ್ಯುತ್ತಿನ ಅಧೀನವಾಗಿದೆ. ಅಮೆರಿಕದ ಷೆವ್ರೊಲೆ ಟಾಹೋ, ಸಬರ್ಬನ್ ಎಂಬ ದೊಡ್ಡ ಕುಟುಂಬವಾಹನಗಳ 2015ರ ಮಾದರಿಯ ಮೇಲ್ದರ್ಜೆಯ ಗಾಡಿಗಳು ಇದಕ್ಕೆ ನಿದರ್ಶನ. ತಮ್ಮ ಗಾಡಿಯನ್ನು ಮನೆಯ ಗ್ಯಾರೇಜಿನಲ್ಲಿ ತಾವೇ ರಿಪೇರಿ ಮಾಡಿಕೊಳ್ಳುವ ರೂಢಿ ಆ ದೇಶದಲ್ಲಿ ಬಹಳ. ವಯಸ್ಸಾದ ಗಾಡಿಯ ಸವೆದ ಶಾಮಕಗಳನ್ನು ಕಳಚಿ ಹೊಸವನ್ನು ಜೋಡಿಸುವ ಈ ಕೆಲಸವು ಮೇಲ್ನೋಟಕ್ಕೆ ನಾಲ್ಕಾರು ಬೋಲ್ಟುಗಳ ಕೆಲಸ. ಆದರೆ ಅದರ ಹಿಂದಿರುವ ಭೌತಶಾಸ್ತ್ರವನ್ನು ಅರಿಯದೆ ಕೈಹಾಕಿದರೆ ಕೆಲಸ ಮಾಡುವವನಿಗೂ, ಮುಂದೆ ಆ ಗಾಡಿಯಲ್ಲಿ ಕೂರುವವರಿಗೂ ಅಪಾಯ ತಪ್ಪಿದ್ದಲ್ಲ.

ಸ್ಪ್ರಿಂಗೂ ಶಾಮಕವೂ

ಆಘಾತವನ್ನು ನುಂಗುವುದು ಶಾಮಕವೆಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಆಘಾತವನ್ನು ಮೊದಲು ತೆಗೆದುಕೊಳ್ಳುವುದು ಸ್ಪ್ರಿಂಗು. ಅದು ಕುಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಆದರೆ ಮರುಕ್ಷಣವೇ ಅದನ್ನು ಹಿಂದಿರುಗಿಸುತ್ತದೆ. ತಡೆಯುವವರಿಲ್ಲದಿದ್ದರೆ ಗಾಡಿಯು ಪಂಚಮಿಯ ಜೋಕಾಲಿಯಂತೆ ತೂಗಾಡುತ್ತಲೇ ಇರುತ್ತದೆ. ಶಾಮಕದೊಳಗಿನ ಕೊಂತವು ಎಣ್ಣೆಯನ್ನು ಕಿರಿದಾದ ಸಂದುಗಳ ಮೂಲಕ ನೂಕುವಾಗ ಆ ಶಕ್ತಿಯು ಶಾಖವಾಗಿ ಮಾರ್ಪಟ್ಟು ಗಾಳಿಗೆ ಸೇರುತ್ತದೆ. ಈ ಕ್ರಿಯೆಗೆ ಅವಮಂದನವೆಂದು ಹೆಸರು.

ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಗಾಡಿಯ ತೂಕ ಸುಮಾರು 2500 ಕಿಲೋಗ್ರಾಂ. ಗಾಲಿ, ಅಚ್ಚು ಮೊದಲಾದವನ್ನು ಕಳೆದು ಒಂದೊಂದು ಮೂಲೆಯ ಪಾಲಿಗೆ 500 ಕಿಲೋಗ್ರಾಂ ಬರುವುದೆಂದೂ, ಒಡಲು ಸೆಕೆಂಡಿಗೆ 1.2 ಸಲ ತೂಗುವುದೆಂದೂ ಇಟ್ಟುಕೊಳ್ಳೋಣ. ಆಗ ಗಾಲಿಯ ಬಳಿ ಲೆಕ್ಕಹಿಡಿದ ಸ್ಪ್ರಿಂಗಿನ ಬಿರುಸು ಮೀಟರಿಗೆ ಸುಮಾರು 28,000 ನ್ಯೂಟನ್ ಆಗುತ್ತದೆ. ಒಡಲು ತೂಗಾಡದೆ ಸ್ವಸ್ಥಾನಕ್ಕೆ ಮರಳಲು ಬೇಕಾದ ಕನಿಷ್ಠ ಅವಮಂದನವನ್ನು 1 ಎಂದು ಎಣಿಸಿದರೆ, ಒಳ್ಳೆಯ ಶಾಮಕದ ಅವಮಂದನವನ್ನು 0.3 ಎಂದು ಹಿಡಿಯಬಹುದು. ಅಂಥ ಗಾಡಿಯ ಒಡಲು 10 ಸೆಂಟಿಮೀಟರ್ ಕುಸಿದರೆ ಒಂದು ಪೂರ್ಣ ತೂಗಾಟದ ಅನಂತರ ಉಳಿಯುವ ಕುಸಿತ 1.4 ಸೆಂಟಿಮೀಟರ್ ಮಾತ್ರ. ಸವೆದ ಶಾಮಕದ ಅವಮಂದನ 0.05ಕ್ಕೆ ಇಳಿದಿದ್ದರೆ ಒಂದು ತೂಗಾಟದ ಬಳಿಕ 7.3 ಸೆಂಟಿಮೀಟರೂ, ಮೂರು ತೂಗಾಟಗಳ ಬಳಿಕ ಇನ್ನೂ 3.9 ಸೆಂಟಿಮೀಟರೂ ಉಳಿದಿರುತ್ತದೆ.

ಇದು ಕೇವಲ ಸುಖಾಸುಖದ ವಿಚಾರವಲ್ಲ. ಬ್ರೇಕು ಹಾಕಿದಾಗ ಗಾಡಿಯನ್ನು ನಿಲ್ಲಿಸುವುದು ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಆ ಘರ್ಷಣೆಯು ಗಾಲಿಯು ನೆಲವನ್ನು ಒತ್ತುವ ಬಲವನ್ನು ಅವಲಂಬಿಸಿದೆ. ಗಾಲಿಯೂ ತನ್ನಷ್ಟಕ್ಕೆ ಸೆಕೆಂಡಿಗೆ ಹತ್ತು ಹದಿನೈದು ಸಲ ಕುಣಿಯಬಲ್ಲದು. ಈ ಕುಣಿತ ಅಡಗದಿದ್ದರೆ ಒತ್ತುವ ಬಲ ಕ್ಷಣಕ್ಷಣಕ್ಕೂ ಹೆಚ್ಚಿ ತಗ್ಗಿ, ಬ್ರೇಕೂ ಸ್ಟಿಯರಿಂಗೂ ಹಿಡಿತ ತಪ್ಪುತ್ತವೆ.

ಕಾಂತದ್ರವದ ಗುಣ

ಮೆತ್ತನೆಯ ಪ್ರಯಾಣಕ್ಕೆ ಕಡಿಮೆ ಅವಮಂದನವೂ, ತಿರುವಿನಲ್ಲಿ ಮತ್ತು ಬ್ರೇಕು ಹಾಕುವಾಗ ಹೆಚ್ಚು ಅವಮಂದನವೂ ಬೇಕು. ಸಾದಾ ಶಾಮಕವು ಇವೆರಡರ ನಡುವಣ ಒಂದು ರಾಜಿ. ಅಗತ್ಯಕ್ಕೆ ತಕ್ಕಂತೆ ಅವಮಂದನವನ್ನು ಬದಲಾಯಿಸಬಲ್ಲ ದ್ರವ ಸಿಕ್ಕಿದರೆ ರಾಜಿಯ ಅಗತ್ಯವಿಲ್ಲ. ಅಂಥ ದ್ರವವನ್ನು 1940ರ ದಶಕದ ಕೊನೆಯಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯ ಜೇಕಬ್ ರಾಬಿನೋ ಎಂಬವರು ರೂಪಿಸಿದರು. ಅದು ಮೋಟಾರುಗಾಡಿಯ ಶಾಮಕದೊಳಗೆ ಸೇರಿ ಮಾರುಕಟ್ಟೆಗೆ ಬಂದದ್ದು 2002ರಲ್ಲಿ, ಕ್ಯಾಡಿಲ್ಯಾಕ್ ಸೆವಿಲ್ ಎಂಬ ಕಾರಿನಲ್ಲಿ.

ಕೆಲವೇ ಮೈಕ್ರೊಮೀಟರ್ ವ್ಯಾಸದ ಕಬ್ಬಿಣದ ಕಣಗಳನ್ನು ಎಣ್ಣೆಯಲ್ಲಿ ಬೆರೆಸಿದರೆ ಈ ದ್ರವವಾಗುತ್ತದೆ. ಶಾಮಕದ ಕೊಂತದೊಳಗೆ ತಂತಿಯ ಸುರುಳಿಯೊಂದಿರುತ್ತದೆ. ಅದರಲ್ಲಿ ವಿದ್ಯುತ್ತು ಹರಿದೊಡನೆ ಸಂದಿನಲ್ಲಿರುವ ಕಣಗಳು ಕಾಂತಗಳಾಗಿ, ಒಂದನ್ನೊಂದು ಹಿಡಿದು ಹರಿವಿಗೆ ಅಡ್ಡಲಾಗಿ ಸರಪಳಿಗಳಂತೆ ನಿಲ್ಲುತ್ತವೆ. ಆ ಸರಪಳಿಗಳನ್ನು ಮುರಿಯದೆ ದ್ರವವು ಹರಿಯಲಾರದು. ವಿದ್ಯುತ್ತು ನಿಂತರೆ ಸರಪಳಿಗಳು ಚದರಿ ದ್ರವವು ಮತ್ತೆ ತೆಳುವಾಗುತ್ತದೆ. ಇದೆಲ್ಲ ನಡೆಯುವುದು ಕೆಲವು ಮಿಲಿಸೆಕೆಂಡುಗಳಲ್ಲಿ. ಗಾಲಿಗಳ ಬಳಿಯ ಸಂವೇದಕಗಳು ಒಡಲಿನ ಎತ್ತರವನ್ನು ಅಳೆದು ತಿಳಿಸುತ್ತಿರಲು, ನಿಯಂತ್ರಕ ಗಣಕವು ಯಾವ ಶಾಮಕಕ್ಕೆ ಎಷ್ಟು ವಿದ್ಯುತ್ತು ಬೇಕೆಂಬುದನ್ನು ಲೆಕ್ಕಹಾಕಿ ಕಳುಹಿಸುತ್ತದೆ.

ಗಣಕಕ್ಕೆ ಕಾಣುವುದೂ ಕಾಣದ್ದೂ

ಇಲ್ಲಿ ಒಂದು ಸೂಕ್ಷ್ಮವಿದೆ. ಶಾಮಕದ ಕ್ಷೇಮವನ್ನು ತಿಳಿಯಲು ಗಣಕವು ಮುಖ್ಯವಾಗಿ ಪರೀಕ್ಷಿಸುವುದು ವಿದ್ಯುನ್ಮಂಡಲವನ್ನು. ತಂತಿ ತುಂಡಾದರೆ, ಸುರುಳಿಯ ರೋಧ ಮಿತಿಮೀರಿದರೆ, ಚಾಲಕನ ಮುಂದೆ ಎಚ್ಚರಿಕೆ ಮೂಡುತ್ತದೆ. ಆದರೆ ಶಾಮಕದ ಕತ್ತಿನ ಸೀಲು ಸವೆದು ದ್ರವವು ಸೋರಿಹೋಗಿದ್ದರೂ ಸುರುಳಿಯು ಎಂದಿನಂತೆ ವಿದ್ಯುತ್ತನ್ನು ಸಾಗಿಸುತ್ತಿರಬಹುದು. ಆಗ ದೀಪ ಉರಿಯುವುದಿಲ್ಲ. ಆದುದರಿಂದ ಕೊಳವೆಯ ಮೈಮೇಲಿನ ಎಣ್ಣೆಯ ಜಿಡ್ಡು, ಟೈರಿನ ಅಸಮ ಸವೆತ, ಉಬ್ಬು ದಾಟಿದ ಮೇಲೂ ನಿಲ್ಲದ ತೂಗಾಟ ಇವುಗಳನ್ನು ಕಣ್ಣಿನಿಂದಲೇ ಗಮನಿಸಬೇಕು.

ಗಾಡಿಯ ಮೂಲೆಯನ್ನು ಅದುಮಿ ಬಿಟ್ಟು ಎಷ್ಟು ಸಲ ಕುಣಿಯುವುದೆಂದು ನೋಡುವ ಹಳೆಯ ಪರೀಕ್ಷೆಯೂ ಇಲ್ಲಿ ಎಚ್ಚರದಿಂದ ಬಳಸತಕ್ಕದ್ದು. ಎಂಜಿನ್ನು ನಿಂತಿರುವಾಗ ಸುರುಳಿಗೆ ವಿದ್ಯುತ್ತು ಇರುವುದಿಲ್ಲವಾಗಿ ಒಳ್ಳೆಯ ಶಾಮಕವೂ ಮೆತ್ತಗೇ ತೋರುತ್ತದೆ. ಎಡಬಲಗಳನ್ನು ಹೋಲಿಸಿ ನೋಡಿದರೆ ಮಾತ್ರ ಅದರಿಂದ ಪ್ರಯೋಜನ.

ಬದಲಾಯಿಸುವ ಕ್ರಮ

ಎಡಬಲಗಳ ಅವಮಂದನ ಸಮನಾಗಿರಬೇಕಾದ ಕಾರಣ ಶಾಮಕಗಳನ್ನು ಜೋಡಿಯಾಗಿಯೇ ಬದಲಾಯಿಸುವುದು ಲೇಸು. ಸಮತಟ್ಟಾದ ಕಾಂಕ್ರೀಟು ನೆಲದ ಮೇಲೆ ಗಾಡಿಯನ್ನು ನಿಲ್ಲಿಸಿ, ನೆಲದಲ್ಲೇ ಉಳಿಯುವ ಗಾಲಿಗಳಿಗೆ ಅಡ್ಡಗಟ್ಟೆ ಕೊಟ್ಟು, ಜಾಕಿನಿಂದ ಎತ್ತಿದ ಕೂಡಲೇ ಚೌಕಟ್ಟಿನ ಕೆಳಗೆ ಉಕ್ಕಿನ ಸ್ಟ್ಯಾಂಡುಗಳನ್ನು ನಿಲ್ಲಿಸಬೇಕು. ಹೈಡ್ರಾಲಿಕ್ ಜಾಕು ಹೊತ್ತಿರುವುದು ಒಂದು ಸಣ್ಣ ಸೀಲಿನ ನಂಬಿಕೆಯ ಮೇಲೆ. ಅದನ್ನೇ ನಂಬಿ ಗಾಡಿಯ ಕೆಳಗೆ ಯಾರೂ ನುಸುಳಕೂಡದು.

ಈ ಗಾಡಿಗಳ ಹಿಂಭಾಗದಲ್ಲಿ ಸ್ಪ್ರಿಂಗು ಬೇರೆ, ಶಾಮಕ ಬೇರೆ, ಕೆಲಸ ಸುಲಭ. ಆದರೆ ಹಿಂದಿನ ಅಚ್ಚು ಮಿತಿಮೀರಿ ಕೆಳಗಿಳಿಯದಂತೆ ಹಿಡಿದಿರುವುದರಲ್ಲಿ ಶಾಮಕದ ಪಾತ್ರವೂ ಉಂಟು. ಅದನ್ನು ಕಳಚುವ ಮೊದಲು ಅಚ್ಚಿಗೆ ಇನ್ನೊಂದು ಜಾಕಿನ ಆಧಾರ ಕೊಡದಿದ್ದರೆ ಅಚ್ಚು ಜಗ್ಗನೆ ಇಳಿದು ಬ್ರೇಕಿನ ನಳಿಕೆಗಳನ್ನು ಎಳೆಯಬಹುದು. ಅಲ್ಲದೆ ಭಾರ ಹೆಚ್ಚಿದಾಗ ಗಾಡಿಯನ್ನು ಮೇಲೆತ್ತುವ ಗಾಳಿಯ ನಳಿಕೆಯೂ ಅಲ್ಲಿ ಸೇರಿಕೊಂಡಿರುವುದರಿಂದ ಮೊದಲು ಆ ಒತ್ತಡವನ್ನು ಬಿಡಿಸಿ, ವಿದ್ಯುತ್ತಿನ ಪ್ಲಗ್ಗನ್ನು ಕಿತ್ತು, ಆಮೇಲೆ ಬೋಲ್ಟುಗಳಿಗೆ ಕೈಹಾಕಬೇಕು.

ಮುಂಭಾಗದ ವಿಷಯ ಬೇರೆ. ಅಲ್ಲಿ ಸ್ಪ್ರಿಂಗು ಶಾಮಕದ ಸುತ್ತಲೇ ಕೂತಿದೆ, ಕುಗ್ಗಿದ ಸ್ಥಿತಿಯಲ್ಲಿ. ತೋಳಿನ ನಡುವೆ ನಿಂತು ಗಾಲಿಯ ಭಾರವನ್ನು ಹೊರುವುದರಿಂದ ಸನ್ನೆಯ ನಿಯಮದಂತೆ ಅದು ಹೆಚ್ಚು ಬಿರುಸಾಗಿರಬೇಕು. ಬಿರುಸು ಮೀಟರಿಗೆ 50,000 ನ್ಯೂಟನ್, ಕುಗ್ಗಿರುವುದು 15 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದರಲ್ಲಿ ಅಡಗಿರುವ ಶಕ್ತಿ ಸುಮಾರು 560 ಜೂಲ್. ಹತ್ತು ಕಿಲೋಗ್ರಾಮಿನ ಗುಂಡು ಐದು ಮುಕ್ಕಾಲು ಮೀಟರ್ ಎತ್ತರದಿಂದ ಬಿದ್ದಾಗ ಬರುವ ಶಕ್ತಿ ಇಷ್ಟೇ. ಸ್ಪ್ರಿಂಗನ್ನು ತಕ್ಕ ಸಾಧನದಿಂದ ಬಿಗಿದು ಹಿಡಿಯದೆ ಮೇಲಿನ ನಟ್ಟನ್ನು ಬಿಚ್ಚಿದವನ ಮುಖದ ಮೇಲೆ ಅದೆಲ್ಲ ಒಮ್ಮೆಲೇ ಬಿಡುಗಡೆಯಾಗುತ್ತದೆ. ಆದಕಾರಣ ಅನುಭವವಿಲ್ಲದವರು ಸ್ಪ್ರಿಂಗಿನೊಡನೆ ಮೊದಲೇ ಜೋಡಿಸಿಟ್ಟ ಘಟಕವನ್ನು ಕೊಳ್ಳುವುದು, ಇಲ್ಲವೆ ಆ ಒಂದು ಕೆಲಸವನ್ನು ವರ್ಕ್‌ಷಾಪಿಗೆ ಬಿಡುವುದು ವಿವೇಕ.

ಹೊಸ ಶಾಮಕವನ್ನು ಕೂರಿಸಿದ ಮೇಲೆ ಕೆಳಗಿನ ಬೋಲ್ಟುಗಳನ್ನು ಗಾಡಿ ಮೇಲೆದ್ದಿರುವಾಗಲೇ ಪೂರ್ಣ ಬಿಗಿಯಬಾರದು. ಬೋಲ್ಟಿನ ಸುತ್ತಲಿನ ರಬ್ಬರು ಬುಷ್ಷು ಬಿಗಿದ ಸ್ಥಾನವನ್ನೇ ತನ್ನ ವಿಶ್ರಾಂತಿಯ ಸ್ಥಾನವಾಗಿ ಹಿಡಿಯುತ್ತದೆ. ಗಾಡಿಯನ್ನು ಇಳಿಸಿದಾಗ ಅದು ತಿರುಚಿಕೊಂಡು, ಸದಾ ಆ ತಿರುಚಿನಲ್ಲೇ ದುಡಿದು ಬೇಗ ಹರಿಯುತ್ತದೆ. ಗಾಲಿಗಳ ಮೇಲೆ ಭಾರ ಬಿದ್ದ ಬಳಿಕ, ತಯಾರಕರು ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯುವುದೇ ಸರಿಯಾದ ಕ್ರಮ. ಮುಂಭಾಗದ ಕೆಲಸವಾದ ಮೇಲೆ ಗಾಲಿಗಳ ಅಲೈನ್‌ಮೆಂಟನ್ನೂ ಪರೀಕ್ಷಿಸಬೇಕು.

ರೋಧಕದ ಉಪಾಯ

ಕಾಂತದ್ರವದ ಶಾಮಕ ದುಬಾರಿ. ಆದುದರಿಂದ ಕೆಲವರು ಸಾದಾ ಶಾಮಕವನ್ನು ಹಾಕಿ, ಖಾಲಿ ಉಳಿದ ಪ್ಲಗ್ಗಿಗೆ ಸುರುಳಿಯಷ್ಟೇ ರೋಧವುಳ್ಳ ರೋಧಕವೊಂದನ್ನು ಸಿಕ್ಕಿಸುತ್ತಾರೆ. ಸುರುಳಿ ಇನ್ನೂ ಅಲ್ಲಿದೆಯೆಂದೇ ಗಣಕವು ಭಾವಿಸುತ್ತದೆ. ಎಚ್ಚರಿಕೆಯ ದೀಪ ಆರುತ್ತದೆ. 2 ಓಮ್ ರೋಧಕದಲ್ಲಿ 3 ಆಂಪಿಯರ್ ಹರಿದರೆ 18 ವಾಟ್ ಶಾಖ ಹುಟ್ಟುವುದರಿಂದ ಅದನ್ನು ಪ್ಲಾಸ್ಟಿಕ್ಕಿನಿಂದ ದೂರವಾಗಿ ಲೋಹಕ್ಕೆ ಹೊಂದಿಸಿ ಕೂರಿಸಬೇಕೆಂಬುದು ನೆನಪಿರಲಿ.

ಗಾಡಿಯ ತೂಕಕ್ಕೆ ತಕ್ಕ ಒಳ್ಳೆಯ ಸಾದಾ ಶಾಮಕವು ಸೋರಿದ ಕಾಂತಶಾಮಕಕ್ಕಿಂತ ಎಷ್ಟೋ ಮೇಲು. ಈ ಉಪಾಯವನ್ನು ಮೋಸವೆಂದು ಹಳಿಯಬೇಕಾಗಿಲ್ಲ. ಆದರೆ ಕ್ಷಣಕ್ಷಣಕ್ಕೆ ಬದಲಾಗುವ ಅವಮಂದನ ಅಲ್ಲಿಗೆ ಮುಗಿಯಿತು. ಇನ್ನು ಮುಂದೆ ದೀಪವು ಆ ಶಾಮಕದ ಬಗ್ಗೆ ಏನನ್ನೂ ಹೇಳಲಾರದು, ರೋಧಕದ ಕ್ಷೇಮವನ್ನು ಮಾತ್ರ ಹೇಳೀತು. ಹೀಗೆ ಮಾಡಿದವರು ಗಾಡಿಯನ್ನು ಮಾರುವಾಗ ಕೊಳ್ಳುವವರಿಗೆ ಇದನ್ನು ತಿಳಿಸುವುದು ಧರ್ಮ.

ವಿದ್ಯಾರ್ಥಿಗಳು ಅವಮಂದನವನ್ನು ಕಾಲೇಜಿನ ಪ್ರಯೋಗಾಲಯದಲ್ಲೇ ಕಣ್ಣಾರೆ ಕಾಣಬಹುದು. ಸ್ಪ್ರಿಂಗಿಗೆ ತೂಕವೊಂದನ್ನು ತೂಗುಹಾಕಿ, ಎಳೆದು ಬಿಟ್ಟು, ತೂಗಾಟವು ಅರ್ಧಕ್ಕೆ ಇಳಿಯುವವರೆಗೆ ಎಣಿಸಿರಿ. ಅನಂತರ ಅದೇ ತೂಕವು ನೀರಿನಲ್ಲಿಯೂ, ಹರಳೆಣ್ಣೆಯಲ್ಲಿಯೂ ಮುಳುಗಿ ತೂಗುವಂತೆ ಮಾಡಿ ಮತ್ತೆ ಎಣಿಸಿರಿ. ಮೂರು ಎಣಿಕೆಗಳನ್ನು ಪಕ್ಕಪಕ್ಕದಲ್ಲಿ ಬರೆದಾಗ, ಗಾಡಿಯ ಕೆಳಗಿನ ಆ ಸಣ್ಣ ಕೊಳವೆಯ ಕೆಲಸವೇನೆಂಬುದು ತಾನಾಗಿ ತಿಳಿಯುತ್ತದೆ.