ಹಳೆಯ ಚಿತ್ರದ ಡಿಸ್ಕ್: ಧ್ವನಿ ಪರೀಕ್ಷೆ ಹೇಗೆ?

ಮುಂಬಯಿಯ ಕನ್ನಡ ಸಂಘಗಳ ಕಪಾಟುಗಳಲ್ಲಿ, ಕನ್ನಡಿಗರ ಮನೆಗಳಲ್ಲಿ ಡಾ. ರಾಜ್‌ಕುಮಾರ್, ಪುಟ್ಟಣ್ಣ ಕಣಗಾಲ್ ಅವರ ಚಿತ್ರಗಳ ವಿಸಿಡಿ, ಡಿವಿಡಿಗಳು ಇಂದಿಗೂ ಜೋಪಾನವಾಗಿವೆ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳ ಕಿವಿಗೆ ಒಳ್ಳೆಯ ಕನ್ನಡ ಬೀಳಲು ಈ ಚಿತ್ರಗಳು ಉತ್ತಮ ಸಾಧನ. ಆದರೆ ಸಂಭಾಷಣೆಯೇ ಕೇಳಿಸದಿದ್ದರೆ ಮಕ್ಕಳು ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತಾರೆ, ಹಿರಿಯರು ‘ಏನಂದರು?’ ಎಂದು ಪಕ್ಕದವರನ್ನು ಕೇಳುತ್ತಿರಬೇಕಾಗುತ್ತದೆ. ಆದ್ದರಿಂದ ಪ್ರದರ್ಶನಕ್ಕೆ ಮೊದಲು ಡಿಸ್ಕ್‌ನ ಧ್ವನಿಯನ್ನು ಪರೀಕ್ಷಿಸುವುದು ಒಳಿತು.

ಮೊದಲನೆಯದಾಗಿ, ಹೊದಿಕೆಯ ಮೇಲಿನ ‘5.1’ ಎಂಬ ಅಂಕಿಗೆ ಮರುಳಾಗಬೇಕಿಲ್ಲ. 1972ರ ‘ಬಂಗಾರದ ಮನುಷ್ಯ’, ‘ನಾಗರಹಾವು’ ಮುಂತಾದ ಚಿತ್ರಗಳ ಮೂಲ ಧ್ವನಿ ಮೋನೋ. ಅಂಥ ಚಿತ್ರವನ್ನು ಆರು ಸ್ಪೀಕರ್‌ಗಳಿಗೆ ಹಂಚಿದರೆ ಅದು ನಂತರ ಮಾಡಿದ ಕೆಲಸವೇ. ಕೆಲವೊಮ್ಮೆ ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಅದಕ್ಕಿಂತ ಸ್ವಚ್ಛವಾದ ಮೋನೋ ಧ್ವನಿಯೇ ಮೇಲು.

ವಿಸಿಡಿಯಲ್ಲಿ ಧ್ವನಿಗೆ ಸೆಕೆಂಡಿಗೆ 224 ಕಿಲೋಬಿಟ್ ಮೀಸಲು. ಡಿವಿಡಿಯ ಡಾಲ್ಬಿ ಡಿಜಿಟಲ್‌ನಲ್ಲಿ ಅದು 448ರವರೆಗೆ ಇರಬಹುದು. 2006ರಲ್ಲಿ ಬಂದ ಬ್ಲೂ-ರೇಯಲ್ಲಿ ಧ್ವನಿಯನ್ನು ನಷ್ಟವಿಲ್ಲದೆ ತುಂಬಬಹುದು. ಆದರೆ ಸವೆದ ಪ್ರಿಂಟ್‌ನಿಂದ ತೆಗೆದ ಧ್ವನಿಯನ್ನು ಯಾವ ಡಿಸ್ಕ್ ಕೂಡ ಸುಧಾರಿಸದು.

ಪರೀಕ್ಷೆಗೆ ಒಂದು ನಿಧಾನಗತಿಯ ದೃಶ್ಯ, ಒಂದು ಹಾಡು ಸಾಕು. ‘ಸ’, ‘ಶ’ ಅಕ್ಷರಗಳು ಕಿವಿಗೆ ಚುಚ್ಚುತ್ತವೆಯೇ? ಗಾಯಕರ ತಾರಸ್ಥಾಯಿ ಒಡೆಯುತ್ತದೆಯೇ? ಸದ್ದು ಅಳಿಸುವ ಭರದಲ್ಲಿ ಪದಗಳ ಕೊನೆಯೂ ಅಳಿಸಿಹೋಗಿದೆಯೇ? ಚಿತ್ರದ ಕೊನೆಯ ಭಾಗದಲ್ಲೂ ತುಟಿಗೂ ಮಾತಿಗೂ ಹೊಂದಾಣಿಕೆ ಇದೆಯೇ ನೋಡಿ. ಎರಡು ಡಿಸ್ಕ್‌ಗಳನ್ನು ಹೋಲಿಸುವಾಗ ಧ್ವನಿಮಟ್ಟ ಸಮನಾಗಿರಲಿ. ಜೋರಾಗಿ ಕೇಳುವುದೇ ಚೆನ್ನಾಗಿದೆ ಎನಿಸುವುದು ಸಹಜ.

ಹಾಡಿನ ಶ್ರುತಿ ತುಸು ಏರಿದಂತಿದ್ದರೆ ಅದಕ್ಕೂ ಕಾರಣವುಂಟು. ಸೆಕೆಂಡಿಗೆ 24 ಚೌಕಟ್ಟುಗಳ ಚಿತ್ರವನ್ನು ಪಾಲ್ ಪದ್ಧತಿಯ ಡಿಸ್ಕ್‌ನಲ್ಲಿ 25ರ ವೇಗದಲ್ಲಿ ಓಡಿಸಿದಾಗ 150 ನಿಮಿಷದ ಚಿತ್ರ 144 ನಿಮಿಷಕ್ಕೇ ಮುಗಿಯುತ್ತದೆ. ಧ್ವನಿಯನ್ನು ಸರಿಪಡಿಸದಿದ್ದರೆ ಗಾಯಕರ ಕಂಠವೂ ಏರುತ್ತದೆ.

ಡಿಸ್ಕ್‌ನ ತಪ್ಪಲ್ಲದ ದೋಷವೂ ಇರುತ್ತದೆ. 5.1ರಲ್ಲಿ ಸಂಭಾಷಣೆ ಬಹುಪಾಲು ನಡುವಿನ ಸ್ಪೀಕರ್‌ನಿಂದ ಬರುತ್ತದೆ. ಸಭಾಗೃಹದಲ್ಲಿ ಎರಡೇ ಸ್ಪೀಕರ್ ಇದ್ದು, ಪ್ಲೇಯರ್ ಮಾತ್ರ 5.1ಕ್ಕೆ ಹೊಂದಿಸಿದ್ದರೆ ಸಂಗೀತ ಕೇಳುತ್ತದೆ, ಮಾತು ಮಾಯವಾಗುತ್ತದೆ. ಸೆಟ್ಟಿಂಗ್ ಅನ್ನು ಸ್ಟೀರಿಯೋಗೆ ಬದಲಿಸಿದರೆ ಸಾಕು.

ಪ್ಲೇಯರ್‌ಗಳೇ ಅಪರೂಪವಾಗುತ್ತಿರುವ ಈ ದಿನಗಳಲ್ಲಿ, ಒಂದೇ ಚಿತ್ರದ ಹಲವು ಪ್ರತಿಗಳಿದ್ದರೆ ಮಾತು ಸ್ಪಷ್ಟವಾಗಿರುವುದನ್ನು ಆರಿಸಿ, ಅದರ ಡಬ್ಬಿಯ ಮೇಲೆ ಗುರುತು ಹಾಕಿಡುವುದು ಸಂಘಗಳು ಈಗಲೇ ಮಾಡಬಹುದಾದ ಕೆಲಸ.