ಬೆಳ್ಳಗಿರುವುದೆಲ್ಲ ಹಾಲಲ್ಲ, ಬೆಳಕೆಲ್ಲ ಮದ್ದಲ್ಲ!

ಸಿಂಧನೂರು: ಲಗ್ನದ ಹಂಗಾಮು ಬಂತೆಂದರೆ ಬಟ್ಟೆ, ಬಂಗಾರದ ಜತೆ ಈಗ ಇನ್ನೊಂದು ಖರ್ಚು. ಮಾರಿಗೆ ಬೆಳಕು ಹೊಡೆಸಿ ಬಣ್ಣ ತಿಳಿ ಮಾಡಿಸಿಕೊಳ್ಳುವುದು! ಸಿಂಧನೂರಿನ ಬಸ್ಸಿನಲ್ಲಿ ಕೂತವರಿಗೂ, ಮಸ್ಕಿ, ಲಿಂಗಸುಗೂರಿನಲ್ಲಿ ಗಲ್ಲೆ ಮುಂದೆ ಕೂತವರಿಗೂ ಮೊಬೈಲಿನಲ್ಲಿ ಇದರ ಜಾಹೀರಾತು. ‘ಹೊಡೆಸಿದರೆ ಬೆಳ್ಳಗಾಗ್ತೀವೇನ್ರಿ?’

ಉತ್ತರ ಚುಟುಕು: ಇಲ್ಲ. ಹುಟ್ಟಿದ ಬಣ್ಣವನ್ನು ಈ ಬೆಳಕು ಬದಲಿಸದು. ಕೆಲವು ಕಲೆ ತಿಳಿಯಾಗಬಹುದು, ಅಷ್ಟೆ.

ಕೊಡೆಯನ್ನೇ ಸುಟ್ಟಂತೆ

ಚರ್ಮಕ್ಕೆ ಬಣ್ಣ ಕೊಡುವ ವಸ್ತು ಮೆಲನಿನ್. ಬಿಸಿಲಿನಿಂದ ಕಾಯುವ ಕೊಡೆಯೂ ಅದೇ. ಐಪಿಎಲ್ ಎಂಬ ಯಂತ್ರ (ಕ್ರಿಕೆಟ್ ಅಲ್ಲ!) ಕಣ್ಣು ಮಿಟುಕಿಸುವಷ್ಟರಲ್ಲಿ ಜೋರು ಬೆಳಕು ಚಿಮ್ಮಿಸುತ್ತದೆ. ಕಲೆಯಲ್ಲಿನ ಮೆಲನಿನ್ ಅದನ್ನು ಹೀರಿ, ಕಾದು, ಒಡೆಯುತ್ತದೆ. ಮೇಲ್ಪದರದ ಕಲೆಯಾದರೆ ಕಪ್ಪಾಗಿ, ಕೆಲ ದಿನಗಳಲ್ಲಿ ಉದುರುತ್ತದೆ.

ಬಿಳಿಯರಲ್ಲಿ ಮೆಲನಿನ್ ಕಲೆಯಲ್ಲಷ್ಟೇ ಹೆಚ್ಚು. ನಮ್ಮಲ್ಲಿ ಸುತ್ತಲಿನ ಚರ್ಮದಲ್ಲೂ ತುಂಬಿದೆ. ಕಲೆ ಯಾವುದು, ಚರ್ಮ ಯಾವುದು ಎಂಬುದು ಬೆಳಕಿಗೇನು ಗೊತ್ತು? ಅಳತೆ ತಪ್ಪಿದರೆ ಬೊಬ್ಬೆ, ಸುಟ್ಟ ಗಾಯ. ಬೆಳ್ಳಗಾಗಲು ಹೋದವರಿಗೆ ತಿಂಗಳುಗಟ್ಟಲೆ ಕಪ್ಪು ಕಲೆ!

ಅಮೆರಿಕದ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಆರಂಭಿಸಿದ ಚರ್ಮದ ವಿಂಗಡಣೆಯಲ್ಲಿ ಈಗ 6 ವರ್ಗಗಳಿವೆ. ನಮ್ಮ ಕಡೆಯ ಬಹಳ ಜನ 4 ಮತ್ತು 5ನೇ ವರ್ಗದವರು. ಇಂಥ ಚರ್ಮಕ್ಕೆ 1064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಅದನ್ನು ಮೆಲನಿನ್ ಕಡಿಮೆ ಹೀರುತ್ತದೆ. ಆದರೂ ಅಪಾಯ ಸೊನ್ನೆಯಲ್ಲ. ಕೆನ್ನೆಯ ಬಂಗಂತೂ ಮಹಾ ಹಠಮಾರಿ. ಹೋದಂತೆ ಮಾಡಿ ಮತ್ತೆ ಬರುತ್ತದೆ. ಕೆಲವೊಮ್ಮೆ ಬೆಳಕಿನಿಂದಲೇ ಹೆಚ್ಚುತ್ತದೆ.

ಬಿಸಿಲಿಗೆ ಬೆನ್ನು ಹಾಕಲಾದೀತೇ?

ಚಿಕಿತ್ಸೆಗೆ ಮೊದಲೂ ಆಮೇಲೂ ವಾರಗಟ್ಟಲೆ ಬಿಸಿಲು ತಪ್ಪಿಸಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಯಲ್ಲಿ ಭತ್ತದ ಸಸಿ ಹಚ್ಚುವಾಕೆ, ಬಸ್ ಸ್ಟ್ಯಾಂಡಿನಲ್ಲಿ ಹಣ್ಣು ಮಾರುವಾಕೆ ರಾಯಚೂರು ಜಿಲ್ಲೆಯ ಬಿಸಿಲನ್ನು ಎಲ್ಲಿ ತಪ್ಪಿಸ್ಯಾರು? ಸಾವಿರಾರು ರೂಪಾಯಿ ಸುರಿದ ಮೇಲೂ ಅದೇ ಬಿಸಿಲು, ಅದೇ ಕಲೆ.

ಮಾಡಿಸಲೇಬೇಕೆಂದರೆ ದುಡ್ಡು ಎಣಿಸುವ ಮುನ್ನ ನಾಲ್ಕು ಮಾತು ಕೇಳಿ. ಯಂತ್ರ ಹಿಡಿಯುವವರು ಚರ್ಮದ ಡಾಕ್ಟರೇ? ಯಂತ್ರ ಯಾವುದು, ನಮ್ಮ ಚರ್ಮಕ್ಕೆ ಆಗಿಬರುತ್ತದೆಯೇ? ಮೊದಲು ಒಂದು ಸಣ್ಣ ಜಾಗದಲ್ಲಿ ಹೊಡೆದು ನೋಡುತ್ತೀರಾ? ಎಷ್ಟು ಸಲ ಬರಬೇಕು, ಒಟ್ಟು ಖರ್ಚೆಷ್ಟು? ಒಂದಕ್ಕೂ ನೆಟ್ಟಗೆ ಉತ್ತರ ಬಾರದಿದ್ದರೆ ಮೆಟ್ಟಿಲಿಳಿಯಿರಿ.

ಕೊಡೆ, ತಲೆ ಮೇಲೊಂದು ಸೆರಗು, ಸನ್‌ಸ್ಕ್ರೀನ್ ಮುಲಾಮು—ಕಡಿಮೆ ಖರ್ಚಿನ ಮದ್ದು ಇವು. ಅರಿಷಿಣ ಹಚ್ಚಲು ಎಂಟು ದಿನ ಇರುವಾಗ ಈ ಸಾಹಸವಂತೂ ಬೇಡವೇ ಬೇಡ.